ಸಾರಥ್ಯ ಬದಲಾದಾಗ: ವಿಜ್ಞಾನ ಕಥಾ ಧಾರಾವಾಹಿಗಳು ಮತ್ತು ಅವುಗಳ ಅಭಿಮಾನಿಗಳು

(ಕುಂಬಳೆ ಸಮೀಪದ ವಾಚನಾಲಯವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಟೆಲಿವಿಷನ್ ಧಾರಾವಾಹಿಯೊಂದನ್ನು ತೆರೆಯ ಹಿಂದೆ ನಿಂತು ನಡೆಸುವವರು ಬದಲಾದರೆಂದರೆ, ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಏಕೆ ಅಷ್ಟೊಂದು ಸಿಟ್ಟಾಗುತ್ತಾರೆ ಅಥವಾ ಸಂಭ್ರಮಿಸುತ್ತಾರೆ ಎಂಬುದು ಇಂದಿನ ವಿಷಯ. ಉದಾಹರಣೆಗೆಂದು ನಾನು ಆಯ್ದುಕೊಂಡಿರುವುದು ಮುಖ್ಯವಾಗಿ ಬ್ರಿಟನ್ನಿನ ‘ಡಾಕ್ಟರ್ ಹೂ’, ಜೊತೆಗೆ ಸ್ವಲ್ಪ ಮಟ್ಟಿಗೆ ಅಮೆರಿಕದ ‘ಸ್ಟಾರ್ ಟ್ರೆಕ್’. ಸ್ಟಾರ್ ಟ್ರೆಕ್ ಅನ್ನು ಈ ಸಭೆಯ ಹಿರಿಯರಲ್ಲಿ ಕೆಲವರು ಎಂಬತ್ತರ ದಶಕದ ದೂರದರ್ಶನದಲ್ಲಿ ನೋಡಿರಬಹುದು. ಡಾಕ್ಟರ್ ಹೂ ಇಲ್ಲಿನ ಕಾಲೇಜು ಹುಡುಗ ಹುಡುಗಿಯರಿಗೆ ಮೊಬೈಲಿನಲ್ಲಿ ಪರಿಚಯವಾಗಿದೆ. ಇವೆರಡಕ್ಕೂ ದೀರ್ಘ ಇತಿಹಾಸವಿದೆ, ಹಲವು ಬಾರಿ ಸಾರಥ್ಯ ಬದಲಾಗಿದೆ. ಆದ್ದರಿಂದ ಅಂದಿನ ಕೋಪವನ್ನು ಇಂದು ದೂರದಿಂದ ನಿಂತು ತೂಗಿ ನೋಡಲು ಸಾಧ್ಯವಾಗುತ್ತದೆ. ಹಾಗೆ ನೋಡಿದಾಗ ನನಗೆ ಕಾಣುವುದಿಷ್ಟು: ಅಭಿಮಾನಿಗಳ ಸಿಟ್ಟು ತಮಗೆ ಹೆಸರು ಗೊತ್ತಿರುವ ಒಬ್ಬ ವ್ಯಕ್ತಿಯ ಮೇಲೆ ಬೀಳುತ್ತದೆ, ಆದರೆ ಅವರಿಗೆ ನೋವು ಕೊಟ್ಟ ನಿರ್ಧಾರಗಳಲ್ಲಿ ಬಹುಪಾಲು ಬೇರೆಡೆಯಲ್ಲಿ, ಹೆಸರಿಲ್ಲದ ಕೋಣೆಗಳಲ್ಲಿ ಆಗಿರುತ್ತವೆ.

ಈ ಧಾರಾವಾಹಿಗಳಲ್ಲಿ ಶೋರನ್ನರ್ ಎಂಬ ಸ್ಥಾನವೊಂದಿದೆ; ಹಿಂದಿನ ಕಾಲದಲ್ಲಿ ಈ ಹೊಣೆ ಬಹುಮಟ್ಟಿಗೆ ನಿರ್ಮಾಪಕರದಾಗಿತ್ತು. ಯಾವ ಕಥೆ ಬೇಕು, ಯಾರು ಬರೆಯಬೇಕು, ಬರೆದದ್ದನ್ನು ಹೇಗೆ ತಿದ್ದಬೇಕು, ಪಾತ್ರಕ್ಕೆ ಯಾರು ಹೊಂದುತ್ತಾರೆ, ಹಿನ್ನೆಲೆ ಸಂಗೀತ ಹೇಗಿರಬೇಕು ಎಂಬುದೆಲ್ಲ ಕೊನೆಗೆ ಅವರ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ತೆಂಕುತಿಟ್ಟಿನ ಯಕ್ಷಗಾನ ಮೇಳದಲ್ಲಿ ಪ್ರಧಾನ ಭಾಗವತರ ಸ್ಥಾನವೂ ಇಂಥದ್ದೇ. ಭಾಗವತರನ್ನು ಒಂದನೇ ವೇಷವೆಂದು ಕರೆಯುವುದು ಸುಮ್ಮನೆ ಅಲ್ಲ. ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಅರ್ಥ ಎಷ್ಟು ಹೊತ್ತು ಬೆಳೆಯಲಿ, ಎಲ್ಲಿ ಜಾಗಟೆ ಹೊಡೆದು ಮುಂದಕ್ಕೆ ಸಾಗಲಿ ಎಂಬುದನ್ನೆಲ್ಲ ಅವರು ರಂಗದಲ್ಲೇ ಕುಳಿತು ನಿರ್ಧರಿಸುತ್ತಾರೆ. ಅದೇ ಪ್ರಸಂಗ, ಅದೇ ವೇಷಧಾರಿಗಳಾದರೂ ಭಾಗವತರು ಬದಲಾದರೆ ಆಟವೇ ಬೇರೆಯಾಗುತ್ತದೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳಕ್ಕೆ ಎಂಬ ಚರ್ಚೆ ಮಳೆಗಾಲವಿಡೀ ನಮ್ಮ ಹೋಟೆಲುಗಳಲ್ಲಿ ನಡೆಯುತ್ತದಲ್ಲ, ಆ ಚರ್ಚೆಯ ಬಿಸಿಯನ್ನು ಬಲ್ಲವರಿಗೆ ಲಂಡನ್ನಿನ ಅಭಿಮಾನಿಯ ಮನಸ್ಸು ಅಪರಿಚಿತವಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ಮುಂದಿನ ಮಾತುಗಳಿಗೆಲ್ಲ ಅದೇ ಆಧಾರ. ಭಾಗವತರು ಪ್ರೇಕ್ಷಕರ ಕಣ್ಣೆದುರಿಗೇ ಇರುತ್ತಾರೆ. ಸಭೆ ತೂಕಡಿಸಿದರೆ ಅವರಿಗೆ ಆ ಕ್ಷಣದಲ್ಲೇ ತಿಳಿಯುತ್ತದೆ, ಮರುಪದ್ಯದಲ್ಲೇ ಲಯ ಬದಲಿಸುತ್ತಾರೆ. ಟೆಲಿವಿಷನ್ನಿನ ಸಾರಥಿ ಕಾಣದವರು. ಅವರು ಕೆಲಸ ಮುಗಿಸಿ ಎಷ್ಟೋ ತಿಂಗಳ ಮೇಲೆ ನೋಡುಗರ ಅಭಿಪ್ರಾಯ ಹುಟ್ಟುತ್ತದೆ. ಯಾವುದು ಅವರ ಆಯ್ಕೆ, ಯಾವುದು ಸಂಸ್ಥೆಯ ಒತ್ತಡ, ಯಾವುದು ಹಣದ ಅಭಾವ ಎಂದು ಬೇರ್ಪಡಿಸಿ ನೋಡುವ ದಾರಿ ನೋಡುಗರಿಗೆ ಇಲ್ಲ. ತೆರೆಯ ಮೇಲೆ ಓಡುವ ಹೆಸರೊಂದೇ ಕೈಗೆ ಸಿಗುವುದು.

ಡಾಕ್ಟರ್ ಹೂ 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾಯಿತು. ಅದರ ಮೊದಲ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಆಗ ಇಪ್ಪತ್ತೇಳರ ತರುಣಿ. ಆ ನಾಟಕ ವಿಭಾಗದಲ್ಲಿದ್ದ ಏಕೈಕ ಮಹಿಳಾ ನಿರ್ಮಾಪಕಿ. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌನಲ್ಲಿ. ಈ ಧಾರಾವಾಹಿಯ ಅಂಗರಚನೆಯಲ್ಲೇ ಬದಲಾವಣೆ ಸೇರಿಕೊಂಡಿದೆ: ‘ಡಾಕ್ಟರ್’ ಎಂದೇ ಕರೆಸಿಕೊಳ್ಳುವ, ಕಾಲದಲ್ಲಿ ಸಂಚರಿಸುವ ಅನ್ಯಲೋಕದ ನಾಯಕನು ಸಾಯುವ ಬದಲು ಹೊಸ ದೇಹ, ಹೊಸ ಮುಖ ಪಡೆಯುತ್ತಾನೆ ಎಂಬ ಉಪಾಯವನ್ನು 1966ರಲ್ಲಿ ಕಂಡುಕೊಂಡರು, ನಟರು ಬದಲಾಗುವುದು ಕಥೆಯ ಭಾಗವೇ ಆಯಿತು. ಹೀಗಾಗಿ ನಾಯಕ ನಟ ಬದಲಾದರೆ ನೋಡುಗರು ಒಂದಿಷ್ಟು ಮರುಗಿ ಒಪ್ಪಿಕೊಳ್ಳುತ್ತಾರೆ. ಆದರೆ ತೆರೆಯ ಹಿಂದಿನವರ ಬದಲಾವಣೆಗೆ ಅಂಥ ಯಾವ ಕಥೆಯ ಸಮಾಧಾನವೂ ಇಲ್ಲ. ಅದು ಒಂದು ದಿನ ಪತ್ರಿಕೆಯಲ್ಲಿ ಬರುವ ಸುದ್ದಿ, ಅಷ್ಟೆ.

1976ಕ್ಕೆ ಬರೋಣ. ಆಗ ನಿರ್ಮಾಪಕರಾಗಿದ್ದ ಫಿಲಿಪ್ ಹಿಂಚ್‌ಕ್ಲಿಫ್ ಧಾರಾವಾಹಿಗೆ ಭೀತಿಯ ಬಣ್ಣ ಹಚ್ಚಿದ್ದರು. ಆ ವರ್ಷ ಪ್ರಸಾರವಾದ, ರಾಬರ್ಟ್ ಹೋಮ್ಸ್ ಬರೆದ ‘ದ ಡೆಡ್ಲಿ ಅಸಾಸಿನ್’ ಕಥೆಯ ಒಂದು ಭಾಗವು ನಾಯಕನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದ ದೃಶ್ಯದೊಂದಿಗೆ ನಿಂತಿತು. ಪ್ರಸಾರದ ನೈತಿಕತೆಯ ಬಗ್ಗೆ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ತೀವ್ರವಾಗಿ ಆಕ್ಷೇಪಿಸಿದರು; ಬಿಬಿಸಿ ಕ್ಷಮೆ ಕೇಳಿತು; 1977ರಲ್ಲಿ ಹಿಂಚ್‌ಕ್ಲಿಫ್ ಅವರ ಸ್ಥಾನಕ್ಕೆ ಗ್ರಹಾಂ ವಿಲಿಯಮ್ಸ್ ಬಂದರು, ಹಿಂಸೆಯನ್ನು ತಗ್ಗಿಸಬೇಕೆಂಬ ಸೂಚನೆಯನ್ನು ಹೊತ್ತುಕೊಂಡೇ ಬಂದರು. ಕಥೆಯ ಧಾಟಿ ಹಗುರವಾಯಿತು, ಹಾಸ್ಯ ಹೆಚ್ಚಿತು. ಹಾಸ್ಯ ಅತಿಯಾಯಿತೆಂದು ಅಭಿಮಾನಿಗಳು ದೂರಿದ್ದು ವಿಲಿಯಮ್ಸ್ ಅವರನ್ನು. ಸೂಚನೆ ಕೊಟ್ಟವರನ್ನು ಅಲ್ಲ.

ಇನ್ನೂ ಗಮನಿಸಬೇಕಾದ ಸಂಗತಿ ಆ ಕಥೆಯ ಬಗ್ಗೆ ಅಭಿಮಾನಿಗಳೇ ನೀಡಿದ ತೀರ್ಪು. ಅದೇ ವರ್ಷ ಹುಟ್ಟಿಕೊಂಡಿದ್ದ ಅಭಿಮಾನಿ ಸಂಘದ ಅಧ್ಯಕ್ಷರು ಆ ಕಥೆಯನ್ನು ಕಟುವಾಗಿ ಖಂಡಿಸಿ ಬರೆದರು. ಡಾಕ್ಟರನ ಕುಲದವರಾದ ಟೈಮ್ ಲಾರ್ಡ್‌ಗಳು ಅಲ್ಲಿಯವರೆಗೆ ದೇವಸದೃಶರಾಗಿ ಕಂಡಿದ್ದರು. ಅವರನ್ನು ಹೋಮ್ಸ್ ಮುದಿ ರಾಜಕಾರಣಿಗಳ, ಒಳಸಂಚುಗಾರರ ಗುಂಪಾಗಿ ತೋರಿಸಿದ್ದರು. ಒಬ್ಬ ಟೈಮ್ ಲಾರ್ಡ್ ಹನ್ನೆರಡು ಸಲ ಮಾತ್ರ ದೇಹ ಬದಲಿಸಬಹುದು ಎಂಬ ನಿಯಮವೂ ಆ ಕಥೆಯಲ್ಲೇ ಬಂತು. ಪರಂಪರೆಯನ್ನು ಹಾಳುಗೆಡವಿದರೆಂಬುದೇ ಅಂದಿನ ದೂರು. ಇಂದು ಅದೇ ಕಥೆ ಧಾರಾವಾಹಿಯ ಶ್ರೇಷ್ಠ ಕಥೆಗಳ ಸಾಲಿನಲ್ಲಿದೆ. ಆ ಹನ್ನೆರಡರ ನಿಯಮವನ್ನು ಮುಂದಿನ ತಲೆಮಾರಿನ ಅಭಿಮಾನಿಗಳು ಶಾಸನದಂತೆ ಕಾಪಾಡಿಕೊಂಡು ಬಂದರು. ಈ ಮಾತನ್ನು ನೆನಪಿನಲ್ಲಿಡಿ, 2020ರ ಜಗಳದಲ್ಲಿ ಇದು ಮತ್ತೆ ಬೇಕಾಗುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಜಾನ್ ನೇಥನ್-ಟರ್ನರ್ ಅವರ ಪ್ರಕರಣದಲ್ಲಿ. 1980ರಿಂದ 1989ರವರೆಗೆ, ಬೇರೆ ಯಾರಿಗಿಂತಲೂ ಹೆಚ್ಚು ಕಾಲ, ಅವರು ನಿರ್ಮಾಪಕರಾಗಿದ್ದರು. ಆರಂಭದಲ್ಲಿ ಅವರನ್ನು ಕೊಂಡಾಡಿದ ಅಭಿಮಾನಿ ಪತ್ರಿಕೆಗಳೇ ಕೆಲವು ವರ್ಷಗಳಲ್ಲಿ ಅವರು ತೊಲಗಬೇಕೆಂದು ಒತ್ತಾಯಿಸತೊಡಗಿದವು. ಟೀಕೆಗೆ ಕಾರಣಗಳಿದ್ದವು: ಪ್ರಚಾರಕ್ಕಾಗಿ ಜನಪ್ರಿಯ ಮುಖಗಳನ್ನು ತುರುಕುವುದು, ಕಣ್ಣು ಕುಕ್ಕುವ ಉಡುಗೆ, ಹಳೆಯ ಕಥೆಗಳನ್ನು ಬಲ್ಲವರಿಗಷ್ಟೇ ಅರ್ಥವಾಗುವ ಕಥೆಗಳು. ಇವೆಲ್ಲ ನ್ಯಾಯವಾದ ಆಕ್ಷೇಪಗಳೆಂದೇ ನಾನೂ ಭಾವಿಸುತ್ತೇನೆ. ಆದರೆ 1985ರ ಫೆಬ್ರವರಿಯಲ್ಲಿ ಧಾರಾವಾಹಿಗೆ ಹದಿನೆಂಟು ತಿಂಗಳ ವಿರಾಮ ಘೋಷಿಸಿದವರು ಅವರಲ್ಲ, ಬಿಬಿಸಿ ಒನ್ ವಾಹಿನಿಯ ಮುಖ್ಯಸ್ಥ ಮೈಕೆಲ್ ಗ್ರೇಡ್. 1987ರಿಂದ ಅದನ್ನು ಪ್ರತಿಸ್ಪರ್ಧಿ ವಾಹಿನಿಯ ಬಹು ಜನಪ್ರಿಯ ಸಾಮಾಜಿಕ ಧಾರಾವಾಹಿ ‘ಕಾರನೇಷನ್ ಸ್ಟ್ರೀಟ್’ ಪ್ರಸಾರವಾಗುವ ಹೊತ್ತಿನಲ್ಲೇ ಇಟ್ಟು ನೋಡುಗರನ್ನು ಕಳೆದುಕೊಳ್ಳುವಂತೆ ಮಾಡಿದ್ದೂ ವಾಹಿನಿಯೇ. ನೇಥನ್-ಟರ್ನರ್ ಅವರಂತೂ ಬಿಟ್ಟು ಹೋಗಲು ಒಂದಕ್ಕಿಂತ ಹೆಚ್ಚು ಬಾರಿ ಬಯಸಿದ್ದರು. ಅವರನ್ನು ಅಲ್ಲೇ ಉಳಿಸಿಕೊಂಡದ್ದು ಸಂಸ್ಥೆ. ಬಿಡಲು ಬಯಸಿದವರನ್ನೇ ಬಿಡಿ ಬಿಡಿ ಎಂದು ವರ್ಷಗಟ್ಟಲೆ ಬೈದದ್ದು ಬಹಳ ದುಃಖದ ಸಂಗತಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆ ಕಾಲದ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. 1986ರ ಡಿಸೆಂಬರಿನಲ್ಲಿ, ವಿರಾಮದ ನಂತರದ ಹದಿನಾಲ್ಕು ಭಾಗಗಳ ಕಥೆ ಮುಗಿದ ಕೂಡಲೇ, ಬಿಬಿಸಿಯ ‘ಓಪನ್ ಏರ್’ ಎಂಬ ವೀಕ್ಷಕರ ಕಾರ್ಯಕ್ರಮಕ್ಕೆ ಕೆಲವು ಅಭಿಮಾನಿಗಳನ್ನು ಕರೆಸಿದ್ದರು. ಅವರಲ್ಲಿ ಹದಿನಾರರ ಹುಡುಗನೊಬ್ಬನಿದ್ದ. ಕಥೆ ಸವಕಲಾಗಿದೆ, ಬರವಣಿಗೆ ಇನ್ನೂ ಚೆನ್ನಾಗಿರಬಹುದಿತ್ತು, ಅದರಲ್ಲೂ ಕೊನೆಯ ಭಾಗ ಸಾಲದಾಯಿತು ಎಂದು ಅವನು ವಿನಯ ಬಿಡದೆ, ಅಳುಕದೆ ಹೇಳಿದ. ಅದನ್ನು ಬರೆದಿದ್ದ ಪಿಪ್ ಮತ್ತು ಜೇನ್ ಬೇಕರ್ ದಂಪತಿ ಅದೇ ಕಾರ್ಯಕ್ರಮದಲ್ಲಿ ಉತ್ತರ ಕೊಡಬೇಕಾಯಿತು. ಆ ಹುಡುಗನಿಗೆ ಗೊತ್ತಿರಲು ಸಾಧ್ಯವಿಲ್ಲದ ಸಂಗತಿಗಳಿದ್ದವು. ಕೊನೆಯ ಕಥೆಯನ್ನು ಬರೆಯಬೇಕಾಗಿದ್ದ ರಾಬರ್ಟ್ ಹೋಮ್ಸ್ ಆ ವರ್ಷ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಕಥಾ ಸಂಪಾದಕ ಎರಿಕ್ ಸೇವಾರ್ಡ್ ಕೊನೆಯ ಭಾಗವನ್ನು ತಾವೇ ಬರೆದು, ನಿರ್ಮಾಪಕರೊಂದಿಗೆ ಮನಸ್ತಾಪವಾಗಿ ಅದನ್ನು ಹಿಂದಕ್ಕೆ ಪಡೆದು ಹೊರನಡೆದಿದ್ದರು. ಬೇಕರ್ ದಂಪತಿಗೆ ಸಿಕ್ಕಿದ್ದು ಕೆಲವೇ ದಿನಗಳ ಅವಧಿ. ಹಿಂದಿನ ಪ್ರತಿಯಲ್ಲಿ ಏನಿತ್ತೆಂಬುದನ್ನು ಕಾನೂನಿನ ತೊಡಕಿನಿಂದಾಗಿ ಅವರಿಗೆ ತಿಳಿಸುವಂತೆಯೂ ಇರಲಿಲ್ಲ. ಹುಡುಗನ ಅಭಿಪ್ರಾಯ ತಪ್ಪಾಗಿರಲಿಲ್ಲ, ಆ ಭಾಗ ನಿಜಕ್ಕೂ ದುರ್ಬಲವೇ. ಅದಕ್ಕೆ ಕಾರಣ ಮಾತ್ರ ಅವನ ಎದುರಿಗೆ ಕುಳಿತವರಲ್ಲಿ ಇರಲಿಲ್ಲ.

ಆ ಹುಡುಗನ ಹೆಸರು ಕ್ರಿಸ್ ಚಿಬ್ನಲ್. ಅವರ ಬಳಿಗೆ ಮತ್ತೆ ಬರುತ್ತೇನೆ.

ಅದಕ್ಕೂ ಮೊದಲು ಅಮೆರಿಕದ ಮಾತು. ಸ್ಟಾರ್ ಟ್ರೆಕ್ 1966ರಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ, ಎರಡನೇ ವರ್ಷದ ಕೊನೆಗೆ ನಿಲ್ಲುವ ಹಂತಕ್ಕೆ ಬಂದಿತ್ತು. ಅಭಿಮಾನಿಗಳಾದ ಬಿಜೋ ಟ್ರಿಂಬಲ್ ಮತ್ತು ಅವರ ಪತಿ ಸಂಘಟಿಸಿದ ಪತ್ರ ಚಳವಳಿಯ ಒತ್ತಡ ಎಷ್ಟಿತ್ತೆಂದರೆ, ಧಾರಾವಾಹಿ ಮುಂದುವರಿಯುತ್ತದೆ ಎಂದು 1968ರ ಮಾರ್ಚ್ 1ರಂದು ವಾಹಿನಿಯೇ ಪ್ರಸಾರದ ನಡುವೆ ಘೋಷಿಸಿತು. ಆದರೆ ಸೋಮವಾರ ಸಂಜೆಯ ಸಮಯ ಸಿಗುವ ನಿರೀಕ್ಷೆಯಿದ್ದಲ್ಲಿ ಕೊಟ್ಟದ್ದು ಶುಕ್ರವಾರ ರಾತ್ರಿ ಹತ್ತು ಗಂಟೆ. ಅದರ ಮುಖ್ಯ ನೋಡುಗರಾದ ತರುಣರು ಮನೆಯಲ್ಲಿರದ ಹೊತ್ತು. ಬಜೆಟ್ಟನ್ನೂ ಇಳಿಸಿದರು. ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ದಿನನಿತ್ಯದ ಹೊಣೆಯಿಂದ ಹಿಂದೆ ಸರಿದರು. ಆ ಸ್ಥಾನಕ್ಕೆ ಫ್ರೆಡ್ ಫ್ರೈಬರ್ಗರ್ ಬಂದರು. ಮೂರನೇ ವರ್ಷದ ಕಥೆಗಳು ಸೊರಗಿದವು, 1969ರಲ್ಲಿ ಧಾರಾವಾಹಿ ನಿಂತಿತು, ಅದನ್ನು ಕೊಂದವರೆಂಬ ಅಪವಾದ ಫ್ರೈಬರ್ಗರ್ ಬದುಕಿರುವಷ್ಟು ಕಾಲವೂ ಅವರನ್ನು ಬಿಡಲಿಲ್ಲ. ಸಮಯ ಕೊಟ್ಟವರ, ಹಣ ಕಡಿತ ಮಾಡಿದವರ ಹೆಸರು ಎಷ್ಟು ಅಭಿಮಾನಿಗಳಿಗೆ ಗೊತ್ತು? ಬಿಟ್ಟು ಹೋದವರು ಪೂಜ್ಯರಾದರು, ಮುಳುಗುವ ಹಡಗನ್ನು ನಡೆಸಲು ಒಪ್ಪಿದವರು ಅಪರಾಧಿಯಾದರು. ಈ ಅನ್ಯಾಯ ಮತ್ತೆ ಮತ್ತೆ ನಡೆದಿದೆ.

ಡಾಕ್ಟರ್ ಹೂ 1989ರ ಡಿಸೆಂಬರಿನಲ್ಲಿ ನಿಂತುಹೋಯಿತು. 1996ರ ಒಂದು ಟೆಲಿವಿಷನ್ ಚಿತ್ರವನ್ನು ಬಿಟ್ಟರೆ ಹದಿನೈದು ವರ್ಷ ಅದು ತೆರೆಯ ಮೇಲೆ ಇರಲಿಲ್ಲ. ಆ ಅವಧಿಯಲ್ಲಿ ಅದನ್ನು ಜೀವಂತವಾಗಿಟ್ಟದ್ದು ಕಾದಂಬರಿ, ಧ್ವನಿ ನಾಟಕ, ಪತ್ರಿಕೆಗಳಲ್ಲಿ ಕೆಲಸ ಮಾಡಿದ ಅಭಿಮಾನಿಗಳು. 2005ರ ಮಾರ್ಚ್ 26ರಂದು ಅದನ್ನು ಮರಳಿ ತಂದ ರಸೆಲ್ ಟಿ. ಡೇವಿಸ್ ಬಾಲ್ಯದಿಂದ ಅದರ ಅಭಿಮಾನಿ, 1996ರಲ್ಲೇ ಡಾಕ್ಟರನ ಕಾದಂಬರಿಯೊಂದನ್ನು ಬರೆದವರು. 2010ರಲ್ಲಿ ಅವರ ನಂತರ ಬಂದ ಸ್ಟೀವನ್ ಮಾಫಟ್ ಕೂಡ ಅಭಿಮಾನಿಯೇ. ನಾಯಕನಾಗಿ 2013ರಲ್ಲಿ ಆಯ್ಕೆಯಾದ ಪೀಟರ್ ಕಪಾಲ್ಡಿ ಹದಿಹರೆಯದಲ್ಲಿ ಈ ಧಾರಾವಾಹಿಯ ಬಗ್ಗೆ ಬರೆದ ಪತ್ರ 1974ರಲ್ಲಿ ‘ರೇಡಿಯೊ ಟೈಮ್ಸ್’ನಲ್ಲಿ ಅಚ್ಚಾಗಿತ್ತು. 2016ರ ಜನವರಿಯಲ್ಲಿ ಮುಂದಿನ ಸಾರಥಿಯ ಹೆಸರು ಹೊರಬಿತ್ತು: ಕ್ರಿಸ್ ಚಿಬ್ನಲ್.

ಚಿಬ್ನಲ್ ಅವರ ಅವಧಿಯ ಪ್ರತಿಕ್ರಿಯೆಗಳನ್ನು ವಿಶ್ಲೇಷಿಸುವುದು ಕಷ್ಟ, ಏಕೆಂದರೆ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. 2017ರ ಜುಲೈಯಲ್ಲಿ ವಿಂಬಲ್ಡನ್ ಪುರುಷರ ಫೈನಲ್ ಮುಗಿದ ಬೆನ್ನಿಗೇ, ಜೋಡಿ ವಿಟ್ಟಕರ್ ಮೊದಲ ಮಹಿಳಾ ಡಾಕ್ಟರ್ ಎಂದು ಪ್ರಕಟವಾಯಿತು. ಹೆಣ್ಣು ಆ ಪಾತ್ರ ಮಾಡುವುದನ್ನೇ ಸಹಿಸದವರ ಗದ್ದಲ ಒಂದು ಕಡೆ, ಸಂತೋಷಪಟ್ಟವರ ಉತ್ಸಾಹ ಇನ್ನೊಂದು ಕಡೆ. 2018ರ ಅಕ್ಟೋಬರ್ 7ರ ಮೊದಲ ಕಂತನ್ನು ಬ್ರಿಟನ್ನಿನಲ್ಲಿ ಒಂದು ವಾರದೊಳಗೆ 1 ಕೋಟಿ 9 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಹೆಣ್ಣು ಡಾಕ್ಟರನ್ನು ಜನ ಒಪ್ಪುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಮುಂದಿನ ವರ್ಷಗಳಲ್ಲಿ ಸಂಖ್ಯೆ ಅದರ ಅರ್ಧದ ಆಸುಪಾಸಿಗೆ ಇಳಿಯಿತು ಎಂಬುದೂ ನಿಜ, ಕಥೆಗಳ ಬಿಗಿ ಸಾಲದು ಎಂಬ ದೂರಿನಲ್ಲಿ ಹುರುಳೂ ಇತ್ತು. ಆದರೆ ಬರವಣಿಗೆಯ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಹೊರಟವರು ಸ್ತ್ರೀದ್ವೇಷಿಗಳ ಪಂಗಡಕ್ಕೆ ಸೇರಿದವರಂತೆ ಕಂಡರು. ಸ್ತ್ರೀದ್ವೇಷಿಗಳು ಬರವಣಿಗೆಯ ಟೀಕೆಯ ಮರೆಯಲ್ಲಿ ನಿಂತರು. ನಷ್ಟವಾದದ್ದು ನಿಜವಾದ ವಿಮರ್ಶೆಗೆ. ಆ ಗದ್ದಲದಲ್ಲಿ ನಮ್ಮ ಉಪಖಂಡಕ್ಕೆ ಸೇರಿದ ಒಂದು ಒಳ್ಳೆಯ ಕೆಲಸ ಸಿಗಬೇಕಾದಷ್ಟು ಗಮನ ಪಡೆಯಲಿಲ್ಲ: ಅದೇ ನವೆಂಬರಿನಲ್ಲಿ ಬಂದ, ವಿನಯ್ ಪಟೇಲ್ ಬರೆದ ‘ಡೀಮನ್ಸ್ ಆಫ್ ದ ಪಂಜಾಬ್’. 1947ರ ದೇಶವಿಭಜನೆಯ ಹೊತ್ತಿನಲ್ಲಿ ಹಿಂದೂ ಯುವಕನೂ ಮುಸ್ಲಿಂ ಯುವತಿಯೂ ಮದುವೆಯಾಗುವ ಕಥೆ ಅದು. ಗಡಿರೇಖೆ ಹೊಲದ ನಡುವೆಯೇ ಹಾದುಹೋಗುವುದನ್ನು ಅಲ್ಲಿ ತೋರಿಸಿದ್ದಾರೆ. 1956ರಲ್ಲಿ ಗೆರೆಯೊಂದು ತಮ್ಮ ಊರನ್ನು ಯಾವ ರಾಜ್ಯಕ್ಕೆ ಸೇರಿಸಿತೆಂಬುದನ್ನು ಮರೆಯದ ಕಾಸರಗೋಡಿನ ಕನ್ನಡಿಗರು ಆ ಕಂತನ್ನೊಮ್ಮೆ ನೋಡಬೇಕೆಂದು ನನ್ನ ಆಸೆ.

2020ರ ಮಾರ್ಚ್ 1ರಂದು ಪ್ರಸಾರವಾದ ‘ದ ಟೈಮ್‌ಲೆಸ್ ಚಿಲ್ಡ್ರನ್’ ದೊಡ್ಡ ಜಗಳವನ್ನೇ ಹುಟ್ಟಿಸಿತು. ಡಾಕ್ಟರ್ ಮೂಲತಃ ಟೈಮ್ ಲಾರ್ಡ್‌ಗಳ ಲೋಕದವಳೇ ಅಲ್ಲ, ಬೇರೆಲ್ಲಿಂದಲೋ ಬಂದ ಮಗು, ಮೊದಲನೆಯ ಡಾಕ್ಟರ್ ಎಂದು ತಿಳಿದವನಿಗಿಂತ ಹಿಂದೆಯೂ ಅವಳಿಗೆ ಅನೇಕ ಜನ್ಮಗಳಿದ್ದವು ಎಂದು ಚಿಬ್ನಲ್ ಬರೆದರು. ಪರಂಪರೆಯನ್ನು ಹಾಳುಗೆಡವಿದರೆಂದು ಅಭಿಮಾನಿಗಳು ಸಿಡಿದೆದ್ದರು. ಅವರು ಕಾಪಾಡಹೊರಟ ಪರಂಪರೆಯ ಒಂದು ಮುಖ್ಯ ಕಂಬ ಯಾವುದೆಂದರೆ, 1976ರಲ್ಲಿ ಪರಂಪರೆಯನ್ನು ಹಾಳುಗೆಡವಿತೆಂದು ಬೈಸಿಕೊಂಡ ಅದೇ ಹೋಮ್ಸ್ ಕಥೆಯ ಹನ್ನೆರಡರ ನಿಯಮ. ಚಿಬ್ನಲ್ ಆಧಾರವಾಗಿ ಹಿಡಿದ ಎಳೆಯೂ 1976ರದ್ದೇ: ಹಿಂಚ್‌ಕ್ಲಿಫ್ ಕಾಲದ ‘ದ ಬ್ರೈನ್ ಆಫ್ ಮಾರ್ಬಿಯಸ್’ ಕಥೆಯಲ್ಲಿ ಡಾಕ್ಟರನ ಹಿಂದಿನ ಅಪರಿಚಿತ ಮುಖಗಳು ತೆರೆಯ ಮೇಲೆ ಹಾದುಹೋಗಿದ್ದವು. ಪ್ರತಿಯೊಬ್ಬ ಅಭಿಮಾನಿಗೂ ಪರಂಪರೆ ಎಂದರೆ ತಾನು ಮೊದಲು ನೋಡಿದಾಗ ಇದ್ದ ಸ್ಥಿತಿ. ಹಾಗೆಂದು ಆ ಭಾವನೆ ಪೊಳ್ಳು ಎನ್ನಲಾರೆ. ಬಾಲ್ಯದಲ್ಲಿ ಮನಸ್ಸಿಗೆ ಇಳಿದದ್ದನ್ನು ಯಾರೋ ಬಂದು ತಿದ್ದಿದರೆ ನೋವಾಗುವುದು ಸಹಜ. ಹೊಸಬರ ಕೆಲಸವನ್ನು ಅಳೆಯಲು ಆ ನೋವೊಂದೇ ಸಾಲದು ಎಂಬುದಷ್ಟೇ ನನ್ನ ವಾದ.

ಚಿಬ್ನಲ್ ನಿರ್ಗಮನದ ಸುದ್ದಿ ಬಂದ ಮೇಲೆ, 2021ರ ಸೆಪ್ಟೆಂಬರ್ 24ರಂದು, ರಸೆಲ್ ಟಿ. ಡೇವಿಸ್ ಮರಳುತ್ತಾರೆಂದು ಬಿಬಿಸಿ ಪ್ರಕಟಿಸಿತು. ಅಭಿಮಾನಿಗಳು ಹಬ್ಬ ಮಾಡಿದರು. ಅವರು ನಿರೀಕ್ಷಿಸಿದ್ದು 2005 ಮರಳಿ ಬರುವುದನ್ನು. ಬಂದ ಡೇವಿಸ್ ಬೇರೆ ಕಾಲದವರು, ಬೇರೆ ವ್ಯವಸ್ಥೆಯೊಳಗೆ ಕೆಲಸ ಮಾಡುವವರು: ಹೊರದೇಶಗಳ ಪ್ರಸಾರಕ್ಕೆ ಡಿಸ್ನಿ ಪ್ಲಸ್ ಜೊತೆಯಾಗಿತ್ತು, 2005ರಲ್ಲಿ ವರ್ಷಕ್ಕೆ ಹದಿಮೂರು ಕಂತುಗಳಿದ್ದಲ್ಲಿ 2024ರಲ್ಲೂ 2025ರಲ್ಲೂ ಎಂಟೆಂಟು. ಎಂಟು ಕಂತುಗಳಲ್ಲಿ ಹೊಸ ಡಾಕ್ಟರನನ್ನೂ ಅವನ ಸಂಗಾತಿಯನ್ನೂ ನೋಡುಗರ ಮನಸ್ಸಿನಲ್ಲಿ ನೆಲೆಗೊಳಿಸಿ, ದೊಡ್ಡ ಕಥೆಯನ್ನೂ ಮುಗಿಸುವುದು ಯಾರಿಗಾದರೂ ಕಷ್ಟ. ಎರಡೇ ವರ್ಷಗಳಲ್ಲಿ, ಹಬ್ಬ ಮಾಡಿದ್ದವರಲ್ಲಿ ಅನೇಕರು ಡೇವಿಸ್ ಹೊರಡಲಿ ಎನ್ನತೊಡಗಿದರು. ಚಿಬ್ನಲ್ ಅವಧಿಯಲ್ಲಿ ಒಳ್ಳೆಯದೂ ಇತ್ತೆಂಬ ಮಾತು ಅದೇ ಹೊತ್ತಿಗೆ ಕೇಳಿಬರತೊಡಗಿತು.

ಹಾಗಾದರೆ ಅಭಿಮಾನಿಯ ಮಾತಿಗೆ ಬೆಲೆಯೇ ಇಲ್ಲವೇ ಎಂದು ಉಪನ್ಯಾಸದ ಕೊನೆಗೆ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದು, ಅಲ್ಲಿ ಹೇಳಿದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಬೆಲೆ ಇದೆ, ಆದರೆ ಅದು ಕೆಲಸ ಮಾಡುವ ದಾರಿ ಬೇರೆ. ಸ್ಟಾರ್ ಟ್ರೆಕ್‌ನ ಮುಂದಿನ ಧಾರಾವಾಹಿಯಾದ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ನ ಬರವಣಿಗೆಯ ಹೊಣೆ 1989ರಲ್ಲಿ ಮೈಕೆಲ್ ಪಿಲ್ಲರ್ ಅವರಿಗೆ ಬಂದಾಗ, ಹೊರಗಿನವರು ಕಳಿಸಿದ ಕಥೆಗಳನ್ನೂ ಓದಿ ಆಯ್ದುಕೊಳ್ಳುವ ಪದ್ಧತಿಯನ್ನು ಅವರು ಬೆಳೆಸಿದರು. ಸೆಟ್ ನೋಡಲು ಹೋಗಿ ತನ್ನ ಹಸ್ತಪ್ರತಿಯನ್ನು ಕೊಟ್ಟು ಬಂದಿದ್ದ ಒಬ್ಬ ಅಭಿಮಾನಿಯ ಕಥೆ ಹೀಗೆ ಆಯ್ಕೆಯಾಯಿತು. ಆತನ ಹೆಸರು ರೊನಾಲ್ಡ್ ಡಿ. ಮೂರ್. ಅವರು ಆ ಬರಹಗಾರರ ಬಳಗವನ್ನೇ ಸೇರಿದರು. 2003ರಲ್ಲಿ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಹಳೆಯ ಧಾರಾವಾಹಿಯನ್ನು ಹೊಸದಾಗಿ ಕಟ್ಟಿ, ಹಳೆಯ ಆವೃತ್ತಿಯಲ್ಲಿ ಗಂಡಸಾಗಿದ್ದ ಸ್ಟಾರ್‌ಬಕ್ ಪಾತ್ರವನ್ನು ಹೆಣ್ಣಾಗಿಸಿ, ಆ ಆವೃತ್ತಿಯ ಅಭಿಮಾನಿಗಳ ಕೋಪವನ್ನು ತಾವೂ ಎದುರಿಸಿದರು.

ಮಾಸ್ತರರು ಅಷ್ಟಕ್ಕೆ ಬಿಡಲಿಲ್ಲ. ಎಲ್ಲರೂ ಕಥೆ ಬರೆಯಲಾರರು, ನೋಡುವವರು ಮಾತ್ರ ಆಗಿರುವವರು ಏನು ಮಾಡಬೇಕು ಎಂದರು. 1968ರ ಪತ್ರಗಳು ಹೋದದ್ದು ವಾಹಿನಿಗೆ, ನಿರ್ಧಾರ ತೆಗೆದುಕೊಳ್ಳುವವರ ಮೇಜಿಗೆ. ಅವು ಒಂದು ವರ್ಷವನ್ನು ಗಳಿಸಿಕೊಟ್ಟವು. ಅದೇ ಅಭಿಮಾನಿಗಳು ಮೂರನೇ ವರ್ಷದಲ್ಲಿ ಸಮಯದ ಬಗ್ಗೆ, ಹಣದ ಬಗ್ಗೆ ಅಷ್ಟೇ ಪಟ್ಟು ಹಿಡಿದು ಕೇಳಿದ್ದರೆ ಹೇಗಾಗುತ್ತಿತ್ತೋ. ಈಗ ಡಾಕ್ಟರ್ ಹೂ ಮತ್ತೆ ಅಂಥದ್ದೇ ಘಟ್ಟದಲ್ಲಿದೆ. 2025ರ ಅಕ್ಟೋಬರಿನಲ್ಲಿ ಡಿಸ್ನಿ ಪ್ಲಸ್ ಜೊತೆಗಿನ ಒಪ್ಪಂದ ಮುಂದುವರಿಯುವುದಿಲ್ಲವೆಂದೂ, ಡೇವಿಸ್ ಬರೆಯುವ ಕ್ರಿಸ್ಮಸ್ ವಿಶೇಷ ಕಂತು 2026ಕ್ಕೆ ಬರುವುದೆಂದೂ ಬಿಬಿಸಿ ತಿಳಿಸಿತು. ಮುಂದಿನ ಸಾರಥಿ ಯಾರು ಎಂಬ ಒಂದೇ ಪ್ರಶ್ನೆಯ ಸುತ್ತ ಅಭಿಮಾನಿಗಳ ಚರ್ಚೆ ತಿರುಗುತ್ತಿದೆ. ಬರುವವರಿಗೆ ವರ್ಷಕ್ಕೆ ಎಷ್ಟು ಕಂತುಗಳನ್ನು ಕೊಡುತ್ತೀರಿ, ಹಣ ಎಲ್ಲಿಂದ ಬರುತ್ತದೆ, ಎರಡು ಸರಣಿಗಳ ನಡುವೆ ಎಷ್ಟು ಕಾಲ ಕಾಯಿಸುತ್ತೀರಿ ಎಂದು ಬಿಬಿಸಿಯನ್ನು ಕೇಳುವ ಪತ್ರಗಳು ಅದಕ್ಕೂ ಮುಂಚೆ ಹೋಗಬೇಕೆಂದು ನಾನು ಮಾಸ್ತರರಿಗೆ ಹೇಳಿದೆ.